ತೋಟಕ್ಕೆ ಹವೆಯೇ ಗುರು

ವಸಂತದ ಮೊದಲ ಹೂವು ಯಾವುದೆಂದು ಕೇಳಿದರೆ ಇಂಗ್ಲೆಂಡಿನ ಬಾಲಕನು ಸ್ನೋಡ್ರಾಪ್ ಎಂದಾನು. ಕಾಶ್ಮೀರದ ಬಾಲಕನು ಬಾದಾಮಿಯ ಹೂವೆಂದಾನು. ಮುಂಬಯಿಯ ಕನ್ನಡ ವಿದ್ಯಾರ್ಥಿಗಳಾದ ನಾವು ಏನು ಹೇಳುವೆವು? ಈ ಊರಿಗೆ ವಸಂತವೇ ಬರುವುದಿಲ್ಲವೆಂದು ಹೇಳಿ ಸುಮ್ಮನಾಗುವವರುಂಟು. ಆ ಮಾತು ಸರಿಯಲ್ಲ. ಊರಿನ ಹವೆಯನ್ನರಿಯದವನಿಗೆ ಅಲ್ಲಿಯ ವಸಂತವು ಕಾಣದು. ಅವನು ಮಾಡಿದ ತೋಟವೂ ಬಾಳದು.

ಶೀತದೇಶಗಳಲ್ಲಿ ಸಸ್ಯಗಳು ಗೆಲ್ಲಬೇಕಾದುದು ಚಳಿಯನ್ನು. ಸ್ನೋಡ್ರಾಪ್, ಕ್ರೋಕಸ್ ಮುಂತಾದ ಗಿಡಗಳು ಆಹಾರವನ್ನು ಗಡ್ಡೆಯಲ್ಲಿ ಕೂಡಿಟ್ಟುಕೊಂಡು ನೆಲದೊಳಗೆ ಅಡಗಿರುತ್ತವೆ. ಮರಗಳು ಚಿಗುರಿ ನೆರಳು ಕವಿಯುವ ಮುನ್ನವೇ ಮೇಲೆದ್ದು ಅರಳುತ್ತವೆ. ಟ್ಯೂಲಿಪ್ಪಿನ ಗಡ್ಡೆಗೆ ಸುಮಾರು ೧೨ರಿಂದ ೧೬ ವಾರಗಳ ಚಳಿ ದೊರೆಯದಿದ್ದರೆ ಹೂವು ಸರಿಯಾಗಿ ಬಾರದು. ಶ್ರೀನಗರದಲ್ಲಿ ದಾಲ್ ಸರೋವರದ ಬಳಿ ೨೦೦೭ರಲ್ಲಿ ತೆರೆದ ಟ್ಯೂಲಿಪ್ ತೋಟದ ಸೊಬಗಿಗೆ ಅಲ್ಲಿಯ ಕೊರೆಯುವ ಚಳಿಯೇ ಆಧಾರ.

ನಮ್ಮ ಮುಂಬಯಿಯಲ್ಲಾದರೋ ಜನವರಿಯ ಸರಾಸರಿ ಕನಿಷ್ಠ ಉಷ್ಣತೆಯೇ ೧೭ ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇಲ್ಲಿ ಮರಗಳನ್ನು ಪರೀಕ್ಷಿಸುವುದು ಚಳಿಯಲ್ಲ, ನೀರಿನ ಅಭಾವ. ವರ್ಷಕ್ಕೆ ೨೦೦೦ ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಆದುದರಿಂದ ಮುತ್ತುಗ, ಬೂರುಗ, ಹಾಲಿವಾಣ ಮೊದಲಾದ ಮರಗಳು ಎಲೆಗಳನ್ನುದುರಿಸಿ ನೀರನ್ನುಳಿಸಿಕೊಳ್ಳುತ್ತವೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬರಿಯ ಕೊಂಬೆಗಳ ಮೇಲೆ ಕೆಂಪು ಹೂಗಳನ್ನು ತಳೆಯುತ್ತವೆ. ಮರೆಮಾಡುವ ಎಲೆಗಳಿಲ್ಲದಿರುವುದರಿಂದ ಮೈನಾ, ಸೂರಕ್ಕಿ ಮೊದಲಾದ ಹಕ್ಕಿಗಳಿಗೆ ಅವು ದೂರದಿಂದಲೇ ಕಾಣುತ್ತವೆ. ಮಳೆಗಾಲಕ್ಕೆ ಮುನ್ನವೇ ಬೂರುಗದ ಕಾಯಿ ಒಡೆದು, ಬೀಜವು ಅರಳೆಯೊಡನೆ ಹಾರಿ ನೆಲವನ್ನು ಸೇರುತ್ತದೆ. ನಮ್ಮ ಮರಾಠಿ ನೆರೆಯವರು ಪಳಸ, ಸಾವರ, ಪಾಂಗಾರಾ ಎಂದು ಕರೆಯುವುದು ಈ ಮರಗಳನ್ನೇ. ಮುಂಬಯಿಯ ವಸಂತವೆಂದರೆ ಇದೇ.

ಹಾಗೆಂದು ಪರದೇಶದ ಗಿಡಗಳೆಲ್ಲವೂ ತ್ಯಾಜ್ಯವೆಂದಲ್ಲ. ವಿಕ್ರೋಲಿಯ ಬಳಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಅಂಚಿನಲ್ಲಿ ನಸುಗೆಂಪಾಗಿ ಅರಳುವ ಟಬೆಬುಯ ಮರದ ಮೂಲಸ್ಥಾನವು ಮಧ್ಯ ಅಮೆರಿಕದ ಕಡೆಯದು. ಅಲ್ಲಿಯೂ ಮಳೆಗಾಲವಾದ ಮೇಲೆ ಒಣಗಾಲವುಂಟು. ಆದುದರಿಂದಲೇ ಅದು ಇಲ್ಲಿ ಹೊಂದಿಕೊಂಡಿದೆ. ನಾವು ಕೇಳಬೇಕಾದುದು ಗಿಡದ ಹುಟ್ಟೂರನ್ನಷ್ಟೇ ಅಲ್ಲ, ಅದು ಬಯಸುವ ಹವೆಯನ್ನು.

ಆದರೆ ವಾರ್ಷಿಕೋತ್ಸವದ ಒಂದು ದಿನದ ಶೋಭೆಗಾಗಿ ಶೀತಪ್ರದೇಶದ ಹೂಗಿಡಗಳನ್ನು ಕುಂಡಗಳಲ್ಲಿ ತಂದು ಸಾಲಾಗಿಡುವುದು, ಮಾರ್ಚಿನ ಬಿಸಿಲಿಗೆ ಅವು ಬಾಡಿದೊಡನೆ ಎಸೆಯುವುದು ವಿವೇಕವಲ್ಲ. ಅದೇ ಹಣದಿಂದ ಶಾಲೆಯ ಅಂಗಳದಲ್ಲಿ ಒಂದು ಮುತ್ತುಗದ ಸಸಿಯನ್ನು ನೆಡಬಹುದು. ಅದು ಹೂ ಬಿಡಲು ವರ್ಷಗಳು ಬೇಕು, ನೆಟ್ಟವರು ಆ ವೇಳೆಗೆ ಶಾಲೆಯನ್ನು ಬಿಟ್ಟಿರುತ್ತಾರೆ ಎಂದು ಕೆಲವರು ಆಕ್ಷೇಪಿಸಬಹುದು. ನಾವಿಂದು ಕುಳಿತುಕೊಳ್ಳುವ ನೆರಳನ್ನು ನೆಟ್ಟವರು ಯಾರು?

ಅಂಗಳವೇ ಇಲ್ಲದ ಶಾಲೆಯವರು ದಾರಿಯ ಒಂದು ಮರವನ್ನಾರಿಸಿಕೊಂಡು, ಅದು ಮೊದಲು ಅರಳಿದ ದಿನವನ್ನು ವರ್ಷವರ್ಷವೂ ಬರೆದಿಡಲಿ. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಹೂವಿನ ದಿನಗಳ ದಾಖಲೆಗಳು ಸುಮಾರು ೧೨೦೦ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತವೆ. ೨೦೨೧ರಲ್ಲಿ ಅಲ್ಲಿ ಮಾರ್ಚ್ ೨೬ರಂದೇ ಹೂವು ತುಂಬಿತೆಂಬುದರ ಅರ್ಥವು ಲೋಕಕ್ಕೆ ತಿಳಿದುದು ಆ ದಾಖಲೆಗಳಿಂದ. ಭೂಮಿಯ ಹವೆ ಬದಲಾಗುತ್ತಿರುವ ಈ ಕಾಲದಲ್ಲಿ ಬಾಲಕರ ನೋಟುಪುಸ್ತಕವೂ ಮುಂದೆ ಪ್ರಮಾಣವಾಗಬಲ್ಲದು.