ಮೀನಿಗಿಂತ ಮೊದಲು ನಲವತ್ತು ದಿನ

ನಮ್ಮ ಹಿತ್ತಲಿನಲ್ಲಿ ಅಕ್ವಾಪೋನಿಕ್ಸ್ ತೊಟ್ಟಿ ಇದೆ ಎಂದು ಈ ಅಂಕಣದಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಅದಕ್ಕೇ ಸಾಕಷ್ಟು ಕಾಗದಗಳು ಬಂದವು. ದೊಡ್ಡವರು ಕೇಳಿದ್ದು: "ಕರೆಂಟು ಬಿಲ್ಲು ಎಷ್ಟು ಬರುತ್ತದೆ? ಸೊಪ್ಪು ಎಷ್ಟು ಸಿಗುತ್ತದೆ?" ಮಕ್ಕಳು ಕೇಳಿದ್ದು ಒಂದೇ: "ಎಷ್ಟು ಮೀನು ಬಿಡಬಹುದು?" ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುತ್ತೇನೆ. ಮೊದಲ ಸಾಲು ಮಾತ್ರ ಮಕ್ಕಳಿಗೆ ರುಚಿಸಲಿಕ್ಕಿಲ್ಲ. ತೊಟ್ಟಿ ಕಟ್ಟಿದ ಮೇಲೆ ಸುಮಾರು ನಲವತ್ತು ದಿನ ಒಂದು ಮೀನೂ ಬಿಡಬೇಡಿ. ಯಾಕೆ ಎಂದು ಹೇಳುವುದೇ ಈ ವಾರದ ಬರಹ.

ಅಕ್ವಾಪೋನಿಕ್ಸ್ ಎಂದರೆ ಒಂದೇ ನೀರಿನಲ್ಲಿ ಮೀನನ್ನೂ ಗಿಡವನ್ನೂ ಬೆಳೆಸುವ ಪದ್ಧತಿ. ಕೆಳಗೆ ಮೀನಿನ ತೊಟ್ಟಿ, ಮೇಲೆ ಜಲ್ಲಿಕಲ್ಲು ತುಂಬಿದ ಗಿಡದ ತೊಟ್ಟಿ. ಮಣ್ಣು ಇಲ್ಲ. ಸಣ್ಣ ಪಂಪು ಮೀನಿನ ನೀರನ್ನು ಮೇಲಕ್ಕೆ ಎತ್ತುತ್ತದೆ. ಗಿಡದ ಬೇರು ತನಗೆ ಬೇಕಾದದ್ದನ್ನು ಹೀರಿಕೊಳ್ಳುತ್ತದೆ, ತಿಳಿಯಾದ ನೀರು ಮತ್ತೆ ಮೀನಿನ ತೊಟ್ಟಿಗೆ ಇಳಿಯುತ್ತದೆ. ಆವಿಯಾದಷ್ಟು, ಗಿಡ ಕುಡಿದಷ್ಟು ನೀರನ್ನು ಮಾತ್ರ ನಾವು ಸೇರಿಸಬೇಕು. ನೀರಿಗೆ ತೊಂದರೆ ಇರುವ ಊರಿನವರಿಗೆ ಇದು ಸಣ್ಣ ಮಾತಲ್ಲ.

ಹೆಸರು ಹೊಸದಾದರೂ ಯೋಚನೆ ಹಳೆಯದು. ಕುಮಟಾ ಕಡೆ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬರುತ್ತದೆ, ಸಿಗಡಿ ಮತ್ತು ಮೀನು ಬೆಳೆಯುತ್ತವೆ. ಉಳಿದ ಕೂಳೆ ಅವುಗಳಿಗೆ ಆಸರೆ, ಆಹಾರ. ಅರುಣಾಚಲದ ಜೀರೋ ಕಣಿವೆಯಲ್ಲಿ ಅಪತಾನಿ ಜನ ಭತ್ತದ ಗದ್ದೆಯಲ್ಲೇ ಮೀನು ಸಾಕುತ್ತಾರೆ. ಪಂಪು, ಪೈಪು ಇಟ್ಟು ತೊಟ್ಟಿಯಲ್ಲಿ ಮಾಡುವ ಈಗಿನ ವಿಧಾನ ರೂಪುಗೊಂಡದ್ದು 1980ರ ದಶಕದಲ್ಲಿ. ವರ್ಜಿನ್ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಾಕೋಸಿ ಎಂಬ ವಿಜ್ಞಾನಿ ಇದಕ್ಕಾಗಿ ವರ್ಷಗಟ್ಟಲೆ ದುಡಿದರು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೀನು ಆಹಾರ ತಿನ್ನುತ್ತದೆ, ಕಿವಿರಿನ ಮೂಲಕ ಅಮೋನಿಯಾ ಹೊರಗೆ ಬಿಡುತ್ತದೆ. ಅಮೋನಿಯಾ ಮೀನಿಗೆ ವಿಷ. ನದಿಯಲ್ಲಾದರೆ ಅದು ಕೊಚ್ಚಿಕೊಂಡು ಹೋಗುತ್ತದೆ, ತೊಟ್ಟಿಯಲ್ಲಿ ಅಲ್ಲೇ ಉಳಿಯುತ್ತದೆ. ಆಗ ಬೇಕಾಗುವುದು ಕಣ್ಣಿಗೆ ಕಾಣದ ಕೆಲಸಗಾರರು. ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತ ಸೇರಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ, ನೀರಿನಲ್ಲಿ ಬೇಕಾದಷ್ಟು ಗಾಳಿ ಇದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರಿಂದ ಮೀನಿಗೆ ಅಷ್ಟು ತೊಂದರೆಯಿಲ್ಲ, ಗಿಡಕ್ಕಂತೂ ಒಳ್ಳೆಯ ಗೊಬ್ಬರ. ಈ ಕೆಲಸ ಬ್ಯಾಕ್ಟೀರಿಯಾಗಳದ್ದು ಎಂದು 1890ರ ಹೊತ್ತಿಗೆ ಅವುಗಳನ್ನು ಬೇರ್ಪಡಿಸಿ ತೋರಿಸಿದವರು ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ.

ಈ ಕೆಲಸಗಾರರು ಅಂಗಡಿಯಿಂದ ತಂದ ಹೊಸ ಜಲ್ಲಿಯಲ್ಲಿ ಸಾಕಷ್ಟು ಇರುವುದಿಲ್ಲ. ತಾವಾಗಿ ಬಂದು ನೆಲೆಸಿ ಹೆಚ್ಚಬೇಕು. ಅಜ್ಜಿಯರಿಗೆ ಹೆಪ್ಪು ಹಾಕುವುದು ಗೊತ್ತೇ ಇದೆ. ರಾತ್ರಿ ಹಾಕಿದರೆ ಬೆಳಿಗ್ಗೆ ಮೊಸರು. ಆದರೆ ಇವು ಮೊಸರಿನ ಬ್ಯಾಕ್ಟೀರಿಯಾದಷ್ಟು ಚುರುಕಲ್ಲ. ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ಅದಕ್ಕೇ ನಾಲ್ಕರಿಂದ ಆರು ವಾರ ಕಾಯಬೇಕು. ತೊಟ್ಟಿ ತಂದ ದಿನವೇ ಮೀನು ತುಂಬಿದ ಮನೆಗಳಲ್ಲಿ ಎರಡನೇ ವಾರ ಮೀನು ತೇಲುವುದಕ್ಕೆ ಹೆಚ್ಚಾಗಿ ಕಾರಣ ಇದೇ. "ಅಂಗಡಿಯವನು ರೋಗದ ಮೀನು ಕೊಟ್ಟ" ಎನ್ನುತ್ತಾರೆ. ಎಷ್ಟೋ ಸಲ ರೋಗ ಇರುವುದು ಮೀನಿಗಲ್ಲ, ನಮ್ಮ ಅವಸರಕ್ಕೆ.

ಇನ್ನು ಕಟ್ಟುವ ಕೆಲಸ. ನಮ್ಮಲ್ಲಿರುವುದು 500 ಲೀಟರಿನ, ಎರಡಡಿ ಎತ್ತರದ ಅಗಲವಾದ ಟಬ್ಬು. ಅದರ ಪಕ್ಕ ಎರಡಡಿ ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ, 200 ಲೀಟರಿನ ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿಸಿದ ಎರಡು ಹೋಳುಗಳು. ಪ್ರತಿಯೊಂದೂ ಸುಮಾರು ಒಂದಡಿ ಆಳ. ಹಳೆಯ ಡ್ರಮ್ಮು ಕೊಳ್ಳುವಾಗ ಅದರಲ್ಲಿ ಮೊದಲು ಏನಿತ್ತು ಎಂದು ಕೇಳಿ, ರಾಸಾಯನಿಕ ಇದ್ದದ್ದು ಬೇಡ. ಗಿಡ ಸೊಂಟದ ಎತ್ತರಕ್ಕೆ ಬರುವುದರಿಂದ ನನ್ನಂಥ ಎಪ್ಪತ್ತು ದಾಟಿದವರು ಬಗ್ಗದೆ ಸೊಪ್ಪು ಕೊಯ್ಯಬಹುದು. ಮಂಡಿನೋವಿನವರು ಈ ಅನುಕೂಲ ಗಮನಿಸಿ.

ಡ್ರಮ್ಮಿನ ಎರಡು ಹೋಳಿಗೆ ತುಂಬಿಸುವ 200 ಲೀಟರ್ ಜಲ್ಲಿ ಸುಮಾರು 300 ಕಿಲೋ ತೂಗುತ್ತದೆ, ಟಬ್ಬಿನ ನೀರು ಅರ್ಧ ಟನ್ನು. ಸ್ಟ್ಯಾಂಡು ಗಟ್ಟಿ ಇರಲಿ. ತಾರಸಿಯ ಮೇಲೆ ಇಡುವವರು ಎಂಜಿನಿಯರನ್ನು ಕೇಳದೆ ಇಡಬೇಡಿ. ಜಲ್ಲಿ 12ರಿಂದ 20 ಎಂ.ಎಂ. ಇದ್ದರೆ ಸಾಕು. ಧೂಳು ಹೋಗುವವರೆಗೆ ಚೆನ್ನಾಗಿ ತೊಳೆಯಿರಿ. ಸುಣ್ಣಕಲ್ಲು ಮಾತ್ರ ಬೇಡ. ಅದು ನೀರಿನ ಕ್ಷಾರ ಹೆಚ್ಚಿಸುತ್ತದೆ, ಕ್ಷಾರ ಹೆಚ್ಚಿದಷ್ಟೂ ಅಮೋನಿಯಾದ ವಿಷವೂ ಹೆಚ್ಚು.

ಪಂಪು ಸುಮಾರು 25 ವಾಟಿನದು. ಗಂಟೆಗೆ ಒಂದು ಸಲವಾದರೂ ಟಬ್ಬಿನ ಅಷ್ಟೂ ನೀರು ಸುತ್ತಿಬರಬೇಕು. ಮಕ್ಕಳೇ, ಬಿಲ್ಲಿನ ಲೆಕ್ಕ ನೀವೇ ಮಾಡಿ: 25 ವಾಟ್, ದಿನಕ್ಕೆ 24 ಗಂಟೆ. 600 ವಾಟ್-ಗಂಟೆ, ಅಂದರೆ 0.6 ಯೂನಿಟ್. ತಿಂಗಳಿಗೆ 18 ಯೂನಿಟ್. ನಿಮ್ಮೂರಿನ ದರದಿಂದ ಗುಣಿಸಿದರೆ ದೊಡ್ಡವರ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು.

ಗಿಡದ ತೊಟ್ಟಿಯ ನೀರು ತುಂಬಿ, ಪೂರ್ತಿ ಇಳಿದು, ಮತ್ತೆ ತುಂಬುತ್ತಿರಬೇಕು. ಇಳಿದಾಗ ಬೇರಿಗೂ ಬ್ಯಾಕ್ಟೀರಿಯಾಕ್ಕೂ ಗಾಳಿ ಸಿಗುತ್ತದೆ. ಇದಕ್ಕೆ ಬೆಲ್ ಸೈಫನ್ ಎಂಬ ಸರಳ ಉಪಾಯವಿದೆ. ಹಿಂದೆ ಕೆಲವರ ಮನೆಯಲ್ಲಿ ಹಿತ್ತಾಳೆಯ ಒಂದು ಬಟ್ಟಲು ಇರುತ್ತಿತ್ತು, ನಡುವೆ ಪುಟ್ಟ ಕೃಷ್ಣನನ್ನು ಹೊತ್ತ ವಸುದೇವನ ಗೊಂಬೆ. ನೀರು ಹೊಯ್ದರೆ ಏರುತ್ತ ಬಂದು, ಕೃಷ್ಣನ ಪಾದ ಮುಟ್ಟಿದ ಕೂಡಲೇ ಎಲ್ಲ ನೀರೂ ತಳದಿಂದ ಇಳಿದುಹೋಗುತ್ತಿತ್ತು. ಯಮುನೆ ದಾರಿ ಬಿಟ್ಟ ಕಥೆ. ಗೊಂಬೆಯೊಳಗೆ ಬಾಗಿದ ಕೊಳವೆ ಅಡಗಿರುತ್ತದೆ. ನಮ್ಮ ತೊಟ್ಟಿಯಲ್ಲಿ ನೆಟ್ಟಗೆ ನಿಂತ ಪೈಪಿನ ಮೇಲೆ ಮುಚ್ಚಳವಿರುವ ದೊಡ್ಡ ಪೈಪನ್ನು ಕವುಚಿ, ಅದರ ಬುಡದಲ್ಲಿ ನೀರು ಒಳಗೆ ಬರಲು ಕಚ್ಚು ಮಾಡಿದ್ದೇವೆ. ನೀರು ಒಳಪೈಪಿನ ಬಾಯಿ ದಾಟಿ ಹರಿಯತೊಡಗಿದರೆ ಸೈಫನ್ ಶುರು. ಬುಡದ ಕಚ್ಚಿನಿಂದ ಗಾಳಿ ನುಗ್ಗಿದಾಗ ನಿಲ್ಲುತ್ತದೆ. ಇದು ಕಷ್ಟವೆನಿಸಿದರೆ ಟೈಮರ್ ಹಾಕಿ ಪಂಪನ್ನು 15 ನಿಮಿಷ ಓಡಿಸಿ, 45 ನಿಮಿಷ ನಿಲ್ಲಿಸಿ. ಆಗ ಟಬ್ಬಿಗೆ ಗಾಳಿ ಊದುವ ಬೇರೆ ಪಂಪು ಬೇಕು. ಯಾವ ರೀತಿಯಲ್ಲಾದರೂ ಮೇಲಿನ ಎರಡು ಅಂಗುಲ ಜಲ್ಲಿ ಒಣಗಿರಲಿ. ಪಾಚಿ ಕಟ್ಟುವುದಿಲ್ಲ, ಸೊಳ್ಳೆ ಮೊಟ್ಟೆ ಇಡುವುದಿಲ್ಲ.

ನೀರು ತುಂಬಿ ಎರಡು ದಿನ ಪಂಪು ಓಡಿಸಿದೆವು. ನಲ್ಲಿನೀರಿನ ಕ್ಲೋರಿನ್ ಹಾರಿಹೋಗಲಿ ಎಂದು. ಆಮೇಲೆ ಒಬ್ಬ ಪರಿಚಯದವರ ಹಳೆಯ ಅಕ್ವೇರಿಯಮ್ಮಿನಿಂದ ಒಂದು ಬೊಗಸೆ ಕಲ್ಲು ತಂದು ಜಲ್ಲಿಗೆ ಸೇರಿಸಿದೆವು. ಅದೇ ಹೆಪ್ಪು. ದಿನವೂ ಒಂದು ಚಿಟಿಕೆ ಮೀನಿನ ಆಹಾರ ಖಾಲಿ ನೀರಿಗೇ ಹಾಕಿದೆವು. ಅದು ಕೊಳೆತು ಅಮೋನಿಯಾ ಬರುತ್ತದೆ, ಬ್ಯಾಕ್ಟೀರಿಯಾಗೆ ಊಟ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪರೀಕ್ಷೆಯ ಕಿಟ್ಟಿನಿಂದ ದಿನ ಬಿಟ್ಟು ದಿನ ನೀರು ನೋಡಿದೆವು. ಕೊಳವೆಯ ನೀರಿಗೆ ಹನಿ ಹಾಕಿದರೆ ಬಣ್ಣ ಬರುತ್ತದೆ, ಆ ಬಣ್ಣವನ್ನು ಚೀಟಿಯ ಬಣ್ಣದೊಂದಿಗೆ ತಾಳೆ ನೋಡಬೇಕು. ಬರೆಯುವ ಕೆಲಸ ನಮ್ಮ ಮೊಮ್ಮಗಳದ್ದು. ಐದನೇ ತರಗತಿ. ಬ್ಯಾಂಕಿನಲ್ಲಿ ನಾವು ಲೆಡ್ಜರಿಗೆ ಹಾಕುತ್ತಿದ್ದ ಹಾಗೆ ಗೆರೆ ಎಳೆದು ಕೊಟ್ಟೆ: ತಾರೀಖು, ಅಮೋನಿಯಾ, ನೈಟ್ರೈಟ್, ನೈಟ್ರೇಟ್. ಅಂಕಿ ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ.

9ನೇ ದಿನ ಅಮೋನಿಯಾ 2. 16ನೇ ದಿನ ನೈಟ್ರೈಟ್ ಮೊದಲ ಸಲ ಕಾಣಿಸಿತು. 24ನೇ ದಿನ ಅಮೋನಿಯಾ ಇಳಿಯಿತು, ನೈಟ್ರೈಟ್ 5ಕ್ಕೆ ಏರಿತು. 31ನೇ ದಿನ ಅವಳ ಹುಟ್ಟುಹಬ್ಬ. ಆ ದಿನ ಮೀನು ತರಬೇಕೆಂದು ಅವಳ ಆಸೆ, ನಾಲ್ವರು ಗೆಳತಿಯರಿಗೂ ಹೇಳಿಬಿಟ್ಟಿದ್ದಳು. ಬೆಳಿಗ್ಗೆ ಪರೀಕ್ಷೆ ಮಾಡಿದರೆ ನೈಟ್ರೈಟ್ ಇನ್ನೂ 2.

"ಅಜ್ಜಾ, ಎರಡೇ ಅಲ್ವಾ? ಐದಿತ್ತಲ್ಲ, ಕಡಿಮೆಯಾಗಿದೆ" ಎಂದಳು.

"ಹೌದು ಪುಟ್ಟಿ, ಕಡಿಮೆಯಾಗಿದೆ. ಮೀನಿಗೆ ಸಾಕಾ, ನೀನೇ ಹೇಳು" ಎಂದೆ. ನಮ್ಮ ಮನೆಯವರು ಒಳಗಿನಿಂದ, "ಮಗುವಿನ ಹುಟ್ಟುಹಬ್ಬ ಕಣ್ರೀ, ಎರಡು ಮೀನಾದರೂ ತನ್ನಿ" ಎಂದರು. ನಾನು ಬಾಯಿ ಬಿಡಲಿಲ್ಲ. ಹುಡುಗಿ ಬಹಳ ಹೊತ್ತು ಆ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಕಣ್ಣು ತುಂಬಿತ್ತು. ಆಮೇಲೆ ಪುಸ್ತಕದಲ್ಲಿ ಅಂಕಿ ಬರೆದು, ಪಕ್ಕದಲ್ಲಿ "ಇವತ್ತು ಬೇಡ" ಎಂದು ಬರೆದಳು. ಸಂಜೆ ಬಂದ ಗೆಳತಿಯರಿಗೆ ಬರೀ ನೀರಿನ ತೊಟ್ಟಿಯನ್ನೇ ತೋರಿಸಿ, ಅದರಲ್ಲಿ ಯಾರು ಇದ್ದಾರೆ ಎಂದು ವಿವರಿಸಿದಳು. ನಾನು ಬ್ಯಾಂಕಿನಲ್ಲಿ ಎಷ್ಟೋ ಜನರ ಸಹಿ ನೋಡಿದ್ದೇನೆ. ಆ ಎರಡು ಪದಗಳಷ್ಟು ಬೆಲೆಬಾಳುವ ಬರವಣಿಗೆ ಹೆಚ್ಚು ಕಂಡಿಲ್ಲ.

39ನೇ ದಿನ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 40. ದಿನವೂ ಆಹಾರ ಹಾಕುತ್ತಿದ್ದರೂ ಸೊನ್ನೆ. ಲೆಕ್ಕ ತಾಳೆಯಾಯಿತು. 41ನೇ ದಿನ ಮೀನು ಬಂದವು. ಚೀಲವನ್ನು ಕಾಲು ಗಂಟೆ ನೀರಿನ ಮೇಲೆ ತೇಲಿಸಿ, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಸೇರಿಸಿ, ಆಮೇಲೆ ಬಿಟ್ಟೆವು.

ಎಷ್ಟು ಮೀನು? ನಮ್ಮದು 20 ಗೋಲ್ಡ್ ಫಿಶ್. ನಮ್ಮ ಮನೆಯಲ್ಲಿ ಮೀನು ತಿನ್ನುವ ಪದ್ಧತಿಯಿಲ್ಲ. ಗಿಡಕ್ಕೆ ಅದರಿಂದ ವ್ಯತ್ಯಾಸವಿಲ್ಲ. ತಿನ್ನುವವರು ಸಾಮಾನ್ಯ ಗೆಂಡೆ ಸಾಕಬಹುದು, ಅದಕ್ಕೆ ತೊಟ್ಟಿ ಇನ್ನೂ ದೊಡ್ಡದಿರಲಿ. ಜಿಲೇಬಿ ಮೀನು ಎನ್ನುವ ತಿಲಾಪಿಯಾ ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿ ಕೇಳಿಯೇ ಮುಂದುವರಿಯಿರಿ. 1952ರಲ್ಲಿ ನಮ್ಮ ದೇಶಕ್ಕೆ ತಂದ ಆ ಮೀನು ಕೆರೆಗಳಲ್ಲಿ ಹರಡಿ ಅಲ್ಲಿನ ಮೀನುಗಳಿಗೆ ಕಂಟಕವಾಗಿದೆ. ಬೇಡವಾದ ಸಾಕುಮೀನನ್ನು ಯಾವ ಕೆರೆಗೂ ಬಿಡಬೇಡಿ.

ಸೊಪ್ಪಿನ ಲೆಕ್ಕ ಹೀಗಿದೆ. ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ ಸುಮಾರು 40 ಗ್ರಾಂ ಮೀನಿನ ಆಹಾರದಿಂದ ಬರುವ ಗೊಬ್ಬರ ಬೇಕು. ಮೀನು ದಿನಕ್ಕೆ ತನ್ನ ತೂಕದ ನೂರಕ್ಕೆ 2ರಷ್ಟು ತಿನ್ನುತ್ತದೆ ಎಂದುಕೊಂಡರೆ 2 ಕಿಲೋ ಮೀನು ಬೇಕಾಯಿತು. ನಮ್ಮ 20 ಮೀನು ಬೆಳೆದು ತಲಾ 100 ಗ್ರಾಂ ಆದಾಗ ಎರಡು ತೊಟ್ಟಿಯೂ ತುಂಬ ಸೊಪ್ಪು. ಅಲ್ಲಿಯವರೆಗೆ ಒಂದು ಮೂಲೆಯಲ್ಲಿ ಪುದೀನ, ಒಂದೆಲಗ, ಹೊನಗೊನ್ನೆ. ಮೂರೂ ನೀರು ಇಷ್ಟಪಡುವ ಗಿಡಗಳು. ಟೊಮೇಟೊ, ಮೆಣಸಿನಕಾಯಿ ಆಮೇಲೆ. ಗಿಡ ಸೊರಗಿತು ಎಂದು ಮೀನಿಗೆ ಹೆಚ್ಚು ಹಾಕಬೇಡಿ. ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಸಾಕು, ಉಳಿದದ್ದನ್ನು ತೆಗೆದುಬಿಡಿ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಕೀಲೇಟೆಡ್ ಐರನ್ ಎಂದು ಕೇಳಿದರೆ ಗೊಬ್ಬರದ ಅಂಗಡಿಯಲ್ಲಿ ಕೊಡುತ್ತಾರೆ.

ಕೆಲವು ಎಚ್ಚರಿಕೆಗಳು. ಗಿಡಕ್ಕೆ ಯಾವ ಔಷಧಿಯನ್ನೂ ಹೊಡೆಯಬೇಡಿ, ಬೇವಿನೆಣ್ಣೆ ಕೂಡ ಮೀನಿಗೆ ಆಗದು. ತಾಮ್ರದ ಪಾತ್ರೆ, ಪೈಪು ಹತ್ತಿರ ಬೇಡ. ತಾಮ್ರ ನಮಗೆ ಒಳ್ಳೆಯದಾದರೂ ಮೀನಿಗೆ ವಿಷ. ಟಬ್ಬಿಗೆ ನೆರಳೂ ಗಟ್ಟಿಯಾದ ಜಾಲರಿ ಮುಚ್ಚಳವೂ ಇರಲಿ. ಬೆಕ್ಕು, ಮಿಂಚುಳ್ಳಿಗಿಂತ ಹೆಚ್ಚಾಗಿ ಅಂಬೆಗಾಲಿಡುವ ಮಕ್ಕಳಿಗಾಗಿ. ನೀರಿನ ಬಳಿ ಕರೆಂಟು ಇರುವುದರಿಂದ ಎಲೆಕ್ಟ್ರಿಷಿಯನ್ ಹತ್ತಿರ ಇ.ಎಲ್.ಸಿ.ಬಿ. ಹಾಕಿಸಿ. ಕರೆಂಟು ಹೋದಾಗ ಪಂಪು ನಿಲ್ಲುತ್ತದೆ, ನೀರಿನ ಗಾಳಿ ಕಡಿಮೆಯಾಗುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತಡಮಾಡಬೇಡಿ. ಬ್ಯಾಟರಿಯಿಂದ ಓಡುವ ಗಾಳಿ ಪಂಪು ಒಂದು ಮನೆಯಲ್ಲಿರಲಿ. ಅದೂ ಇಲ್ಲದಿದ್ದರೆ ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಹೊಯ್ಯುತ್ತಿರಿ. ಮೀನು ಕಡಿಮೆ ಇದ್ದಷ್ಟೂ ನಿಮಗೆ ಸಮಯ ಹೆಚ್ಚು ಸಿಗುತ್ತದೆ.

ಈ ವಾರದ ಕೆಲಸ: ಏನನ್ನೂ ಕೊಳ್ಳಬೇಡಿ. ಹಿತ್ತಲಿನಲ್ಲಿ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಎಲ್ಲಿದೆ ಎಂದು ಅಜ್ಜ-ಮೊಮ್ಮಕ್ಕಳು ಸೇರಿ ಗುರುತಿಸಿ. ಊರಿನಲ್ಲಿ ಸಿಗುವ ಜಲ್ಲಿಯ ನಾಲ್ಕು ಕಲ್ಲು ತಂದು ಲೋಟದಲ್ಲಿ ವಿನೆಗರ್ ಹಾಕಿ ನೋಡಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣ ಇದೆ, ಬೇಡ. ಏಳದಿದ್ದರೆ ಸರಿ. ಫಲಿತಾಂಶವನ್ನು ಒಂದು ನೋಟುಬುಕ್ಕಿನ ಮೊದಲ ಪುಟದಲ್ಲಿ ತಾರೀಖು ಹಾಕಿ ಬರೆಯಿರಿ. ಆ ಪುಸ್ತಕ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.