ಆಡಿದವರ ಮಾತು

ವಿಡಿಯೋ ಗೇಮಿನ ವಿಷಯವಾಗಿ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದು ಉಚಿತವೇ ಎಂದು ಕೆಲವು ಗುರುಗಳು ಹುಬ್ಬೇರಿಸಬಹುದು. ನಾಟಕ, ಯಕ್ಷಗಾನ, ಚಲನಚಿತ್ರಗಳ ಗುಣದೋಷಗಳನ್ನು ಈ ಪುಟಗಳಲ್ಲಿ ಚರ್ಚಿಸಬಹುದಾದರೆ, ನಮ್ಮ ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದರವರೆಗೂ ವಾದವೆಬ್ಬಿಸುವ ಒಂದು ಆಟದ ಗುಣದೋಷಗಳನ್ನು ಚರ್ಚಿಸುವುದರಲ್ಲಿ ತಪ್ಪಿಲ್ಲವೆಂದು ನನ್ನ ನಂಬಿಕೆ. ಇಂಥ ಆಟಗಳನ್ನು ಆಡಬೇಕೇ ಬೇಡವೇ ಎಂಬ ಹಳೆಯ ಪ್ರಶ್ನೆಯನ್ನು ನಾನು ಎತ್ತಿಕೊಂಡಿಲ್ಲ. ಆಡಿದವರು ಏನು ಹೇಳಿದರು, ಅವರ ಮಾತಿಗೆ ಬೆಲೆಯೆಷ್ಟು ಎಂಬುದಷ್ಟೇ ಇಲ್ಲಿಯ ವಿಚಾರ.

ಆಟದ ಹೆಸರು ‘ಫಾಲ್‌ಔಟ್’. ಅಣುಬಾಂಬು ಸಿಡಿದ ಮೇಲೆ ಆಕಾಶದಿಂದ ಉದುರುವ ವಿಷದ ಧೂಳಿಗೆ ಇಂಗ್ಲಿಷಿನಲ್ಲಿ ಆ ಹೆಸರಿದೆ. ಮೊದಲ ಭಾಗ ಹೊರಬಂದದ್ದು 1997ರಲ್ಲಿ. ಕಥೆಯ ಪ್ರಕಾರ 2077ನೆಯ ಇಸವಿಯ ಅಕ್ಟೋಬರ್ 23ರಂದು ಮಹಾಯುದ್ಧವಾಗಿ ನಾಗರಿಕತೆಯೇ ಸುಟ್ಟುಹೋಗುತ್ತದೆ. ಕೆಲವರು ಮಾತ್ರ ಭದ್ರವಾದ ನೆಲಮಾಳಿಗೆಗಳನ್ನು ಹೊಕ್ಕು ಬದುಕುತ್ತಾರೆ. ಎಷ್ಟೋ ವರ್ಷಗಳ ಮೇಲೆ ಆಟಗಾರನು ಆ ಪಾಳುಲೋಕದಲ್ಲಿ ಕಾಲಿಡುತ್ತಾನೆ. ಯಾವ ದಿಕ್ಕಿಗೆ ನಡೆಯಬೇಕು, ಯಾರಿಗೆ ನೆರವಾಗಬೇಕು, ಯಾರನ್ನು ವಂಚಿಸಬೇಕು ಎಂಬುದೆಲ್ಲ ಅವನ ಇಚ್ಛೆ. ಪ್ರಳಯದ ಅನಂತರ ಮನುಷ್ಯ ಮನುಷ್ಯನಾಗಿ ಉಳಿಯಬಲ್ಲನೇ ಎಂಬುದು ಆಟದ ತಿರುಳು.

ಇದರ ಅಭಿಮಾನಿಗಳಲ್ಲಿ ಎರಡು ಪಂಗಡ. 2010ರ ‘ನ್ಯೂ ವೇಗಸ್’ ಭಾಗವನ್ನು ಎತ್ತಿಹಿಡಿಯುವವರು, ಅಲ್ಲಿ ನಾವು ಆಡಿದ ಮಾತಿಗೂ ಮಾಡಿದ ಕೆಲಸಕ್ಕೂ ತಕ್ಕ ಫಲ ಉಂಟು ಎನ್ನುತ್ತಾರೆ. 2015ರ ‘ಫಾಲ್‌ಔಟ್ 4’ ಮೆಚ್ಚಿದವರು, ಪಾಳುಬಿದ್ದ ನೆಲದಲ್ಲಿ ಹಲಗೆ ತಗಡು ಕೂಡಿಸಿ ಊರು ಕಟ್ಟುವ ಸುಖ ಬೇರೆಲ್ಲಿದೆ ಎಂದು ಕೇಳುತ್ತಾರೆ. ಆದರೆ ಅದರಲ್ಲಿ ಎದುರಿನವನ ಮಾತಿಗೆ ಕೊಡಬಹುದಾದ ಉತ್ತರಗಳು ನಾಲ್ಕೇ. ಬಹಳ ಸಲ ಯಾವುದನ್ನು ಆರಿಸಿದರೂ ಕಥೆ ಸೇರುವುದು ಒಂದೇ ಕಡೆಗೆ. ಇದನ್ನು ಆಯ್ಕೆ ಎನ್ನಬಹುದೇ ಎಂದು ಆಟಗಾರರು ಜಗಳ ತೆಗೆದರು. ಈ ಪ್ರಶ್ನೆ ನಮ್ಮ ತತ್ತ್ವಶಾಸ್ತ್ರದ ತರಗತಿಗೂ ಸಲ್ಲುವಂಥದು.

ಆಡದೆಯೇ ತೀರ್ಪು ಹೊರಬಿದ್ದ ಪ್ರಸಂಗವೂ ಒಂದುಂಟು. ಅದು ನಡೆದದ್ದು ನಮ್ಮ ದೇಶದಲ್ಲಿ. 2008ರ ಅಕ್ಟೋಬರಿನಲ್ಲಿ ‘ಫಾಲ್‌ಔಟ್ 3’ ಬಿಡುಗಡೆಯಾಗುವ ಹೊತ್ತಿಗೆ, ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣದಿಂದ ಅದನ್ನು ಭಾರತಕ್ಕೆ ತರುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆ ಪ್ರಕಟಿಸಿತು. ಯಾವ ಅಂಶ ಸೂಕ್ಷ್ಮವೆಂಬುದನ್ನು ಬಿಡಿಸಿ ಹೇಳಲಿಲ್ಲ. ಆಟದಲ್ಲಿ ಬರುವ ಎರಡು ತಲೆಯ ಹಸುವಿಗೆ ‘ಬ್ರಾಹ್ಮಿನ್’ ಎಂದು ಹೆಸರಿಟ್ಟಿರುವುದೇ ಕಾರಣವಿರಬೇಕೆಂದು ಆಟಗಾರರು ಊಹಿಸಿದರು. ಆಗ ನಾವು ಮೂರು ವರ್ಷದ ಕೂಸುಗಳು. ಇಂದು ಓದಿದಾಗ ನನಗೆ ಹಸುವಿನ ಹೆಸರಿಗಿಂತ ಹೆಚ್ಚಾಗಿ ಮನಸ್ಸಿಗೆ ನಾಟಿದ ಸಂಗತಿ ಬೇರೆ. ಇಲ್ಲಿಯವರಿಗೆ ನೋವಾಗುವುದೋ ಇಲ್ಲವೋ ಎಂಬುದನ್ನು ಇಲ್ಲಿಯವರು ಆಡಿ ನೋಡುವ ಮೊದಲೇ ಬೇರೆಯವರು ತೀರ್ಮಾನಿಸಿದರು. ನೋವಾಗಿದ್ದರೆ ಹೇಳಿಕೊಳ್ಳುವ ಬಾಯಿ ನಮಗೆ ಇರಲಿಲ್ಲವೇ?

ಪರರಿಗೆ ಹೀಗೆ ಉಪದೇಶಿಸುವ ನಾನೂ ಅದೇ ತಪ್ಪು ಮಾಡಿದವನು. 2018ರ ನವೆಂಬರ್ 14ರಂದು ‘ಫಾಲ್‌ಔಟ್ 76’ ಹೊರಬಂತು. ಅದರ ನೆಲ ಅಮೆರಿಕದ ಪಶ್ಚಿಮ ವರ್ಜೀನಿಯ. ನಮ್ಮ ಮಲೆನಾಡಿನಂತೆಯೇ ಬೆಟ್ಟ, ಕಾಡು, ಕಣಿವೆಗಳ ಸೀಮೆ. ಬೇರೆ ಬೇರೆ ಊರುಗಳ ಆಟಗಾರರು ಇಂಟರ್‌ನೆಟ್ಟಿನ ಮೂಲಕ ಒಂದೇ ಲೋಕದಲ್ಲಿ ಕೂಡಿ ಆಡುವ ಏರ್ಪಾಡು. ಆದರೆ ಆ ಆಟಗಾರರನ್ನು ಬಿಟ್ಟರೆ ಆ ಕಥೆಯಲ್ಲಿ ಮಾತಾಡಿಸಲು ಬದುಕಿರುವ ಒಬ್ಬ ಮನುಷ್ಯನೂ ಇರಲಿಲ್ಲ. ಸತ್ತವರ ಧ್ವನಿ ತುಂಬಿದ ಟೇಪುಗಳು, ಕಾಗದಗಳು, ಯಂತ್ರಮಾನವರು, ಇಷ್ಟೇ. ಆಟ ನಡುನಡುವೆ ಕೆಟ್ಟು ನಿಲ್ಲುತ್ತಲೂ ಇತ್ತು. ಜನರಿಲ್ಲದ ಲೋಕ ಎಷ್ಟು ಚೆಲುವಾಗಿದ್ದರೇನು ಎಂದು ಆಟಗಾರರು ರೇಗಿದರು. ಸತ್ತವರ ಧ್ವನಿಯನ್ನು ಕೇಳುತ್ತ ಒಬ್ಬರೇ ಕಾಡಿನಲ್ಲಿ ನಡೆಯುವುದರಲ್ಲಿ ಒಂದು ಗಾಂಭೀರ್ಯವಿದೆ ಎಂದವರೂ ಇದ್ದರು, ಅವರು ಕೆಲವರೇ.

ನಾನು ಆ ಕಾಲದ ವಿಡಿಯೋಗಳನ್ನು ನೋಡಿ, ‘76’ ಸತ್ತ ಆಟ ಎಂದು ಹಾಸ್ಟೆಲಿನಲ್ಲಿ ಎರಡು ವರ್ಷ ವಾದಿಸಿದೆ. ಆಡಿರಲಿಲ್ಲ, ಆಡುವಂಥ ಕಂಪ್ಯೂಟರೂ ನನ್ನಲ್ಲಿರಲಿಲ್ಲ. ಕಳೆದ ದಸರಾ ರಜೆಯಲ್ಲಿ ನರಸಿಂಹರಾಜಪುರದ ಕಡೆಯ ಮಿತ್ರನೊಬ್ಬ, “ಎಂತ ಮಾರಾಯ, ಒಂದ್ಸಲ ಆಡಿ ನೋಡಿ ಆಮೇಲೆ ಮಾತಾಡು” ಎಂದು ತನ್ನ ಮನೆಗೆ ಕರೆದೊಯ್ದ.

ಆಡಿ ನೋಡಿದೆ. ನಾನು ಬೈಯುತ್ತಿದ್ದ ಆಟ ಅದಾಗಿರಲಿಲ್ಲ. 2020ರ ಏಪ್ರಿಲಿನಲ್ಲಿಯೇ ಕಂಪನಿಯವರು ಬೆಲೆ ತೆಗೆದುಕೊಳ್ಳದೆ ಹೊಸ ಅಧ್ಯಾಯವೊಂದನ್ನು ಸೇರಿಸಿ ಆ ಲೋಕಕ್ಕೆ ಜನರನ್ನು ಕರೆತಂದಿದ್ದರು. ಊರು ಬಿಟ್ಟು ಹೋಗಿದ್ದವರು ಮರಳಿ ಬಂದು ನೆಲೆಸುತ್ತಿದ್ದಾರೆ ಎಂಬುದು ಅದರ ಕಥೆ. ನಾಲ್ಕೇ ಉತ್ತರಗಳ ಕಟ್ಟನ್ನೂ ಬಿಡಿಸಿದ್ದರು. ಇದಕ್ಕಿಂತ ಹೆಚ್ಚಾಗಿ ನನ್ನನ್ನು ನಾಚಿಸಿದ್ದು ಇನ್ನೊಂದು. ಬರಿಗೈಯಲ್ಲಿ ಹೊರಟ ನನ್ನ ಮುಂದೆ ಯಾರೋ ಅಪರಿಚಿತ ಆಟಗಾರ ಒಂದು ಚೀಲವನ್ನಿಟ್ಟು, ಕೈಬೀಸಿ ಹೊರಟುಹೋದ. ಅದರೊಳಗೆ ನೀರು, ಔಷಧಿ, ಒಂದು ಬಂದೂಕು. ಹೊಸಬರಿಗೆ ಹೀಗೆ ಕೊಡುವುದು ಅಲ್ಲಿಯ ಹಳಬರ ವಾಡಿಕೆಯಂತೆ. ಆಟವನ್ನು ಬೈದು ಬಿಟ್ಟುಹೋದವರ ಮಾತನ್ನೇ ನಾನು ಕೇಳಿದ್ದೆ. ಬೈಯುತ್ತಲೇ ಉಳಿದವರು ಅದನ್ನು ಬದುಕಿಸಿದ್ದು ನನಗೆ ತಿಳಿದೇ ಇರಲಿಲ್ಲ.

ಮಿತ್ರನ ಅಜ್ಜಿ ಅಡಿಕೆ ಸುಲಿಯುತ್ತ ಕೂತವರು ಪರದೆಯತ್ತ ನೋಡಿ, “ಎಂತದಾ ಅದು, ಮನೆಯೆಲ್ಲ ಬಿದ್ದುಹೋಗಿದೆ, ಜನ ಎಲ್ಲಿಗೆ ಹೋದ್ರು?” ಎಂದರು. ಮಿತ್ರ ಹೇಳಿದ. “ಆಮೇಲೆ ಬಂದ್ರಾ?” ಎಂದರು. “ಬಂದ್ರಜ್ಜಿ” ಎಂದ. “ಹಂಗಾದ್ರೆ ಸರಿ” ಎಂದು ಮತ್ತೆ ಮೆಟ್ಟುಗತ್ತಿಯ ಕಡೆಗೆ ತಿರುಗಿದರು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಾಗ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಅವರ ತೌರೂ ಒಂದು. ಎತ್ತಿನ ಗಾಡಿಯಲ್ಲಿ ಬಾಗಿಲು, ತೊಲೆಗಳನ್ನು ಹೇರಿಕೊಂಡು ಬಂದು, ಇನ್ನೊಂದು ಕಡೆ ಮನೆ ಕಟ್ಟಿ, ಹೊಸದಾಗಿ ತೋಟ ಹಾಕಿದವರ ಮಗಳು ಅವರು. ನಾವು ಆಟವಾಡಿ ತಿಳಿಯುವುದನ್ನು ಅವರು ಬಾಳಿ ತಿಳಿದಿದ್ದರು.

ಈ ಮಾತನ್ನು ನಮ್ಮ ಸಂಚಿಕೆಗೆ ತಂದುದಕ್ಕೆ ಕಾರಣವಿದೆ. ನಮ್ಮ ಕಾಲೇಜಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ತಾಲ್ಲೂಕುಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಹಿಡಿದು ಎಷ್ಟೋ ವರ್ಷಗಳಾದುವು. ಈಗ ಎಲೆಚುಕ್ಕಿ ರೋಗವೂ ಕೂಡಿದೆ. ದೊಡ್ಡ ಮನೆಗಳಲ್ಲಿ ಇಬ್ಬರೇ ಮುದುಕರು. “ಇಲ್ಲಿ ಏನುಂಟು, ಎಲ್ಲ ಮುಗಿಯಿತು” ಎಂಬ ಮಾತು ನಮ್ಮ ಬಾಯಲ್ಲಿ ನಿತ್ಯವೂ ಬರುತ್ತದೆ. ನಾನು ‘76’ರ ಬಗ್ಗೆ ಆಡಿದ ಮಾತಿನಂತೆಯೇ ಇದೂ ಹಳೆಯ ವಿಡಿಯೋ ನೋಡಿ ಆಡಿದ ಮಾತಲ್ಲವೇ ಎಂದು ನನಗೆ ಸಂಶಯ ಹತ್ತಿದೆ.

ಊರು ಬಿಡುವುದು ತಪ್ಪೆಂದು ಹೇಳುವಷ್ಟು ಧೈರ್ಯ ನನಗಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಬಿ.ಎ. ಮುಗಿಯುತ್ತಲೇ ಬೆಂಗಳೂರಿನಲ್ಲಿ ಕೆಲಸ ಹುಡುಕುವಂತೆ ತಂದೆಯವರೇ ಹೇಳಿದ್ದಾರೆ, ಬಹುಶಃ ಹೋಗುತ್ತೇನೆ. ಆಟದಲ್ಲಿ ಕಂಪನಿಯೊಂದು ಮನಸ್ಸು ಮಾಡಿದರೆ ಜನ ಮರಳಿ ಬರುತ್ತಾರೆ; ಇಲ್ಲಿ ಹಾಗೆ ಜನರನ್ನು ತಂದಿಳಿಸುವವರಿಲ್ಲ, ನಾವೇ ಬರಬೇಕು. ಹೋದ ಮೇಲೆ ಈ ನೆಲದ ಬಗ್ಗೆ ತೀರ್ಪು ಕೊಡುವ ಸಂದರ್ಭ ಬಂದರೆ, ಒಮ್ಮೆ ಬಂದು ನೋಡಿ, ಇಲ್ಲಿ ಉಳಿದವರನ್ನು ಮಾತಾಡಿಸಿದ ಮೇಲೆಯೇ ಬಾಯಿ ತೆರೆಯುತ್ತೇನೆ. ದೋಷವಿದ್ದರೆ ದೋಷವೆಂದೇ ಹೇಳುತ್ತೇನೆ. ಅವರ ನಡುವೆ ನಿಂತು ಹೇಳುತ್ತೇನೆ. ಆ ಮಿತ್ರನಿಗೆ ಹಾಸ್ಟೆಲಿನ ವಾದದಲ್ಲಿ ನಾನು ಸೋತೆನೆಂದು ಈ ಪುಟದ ಮೂಲಕ ಒಪ್ಪಿಕೊಂಡು ಲೇಖನಿಯನ್ನು ಕೆಳಗಿಡುತ್ತೇನೆ.