ತಿದ್ದಿದ ಉತ್ತರ ಪತ್ರಿಕೆಗೆ ಒಂದು ಪೀರಿಯಡ್ ಕೊಡಿ

ಕಿರು ಪರೀಕ್ಷೆಯ ಉತ್ತರ ಪತ್ರಿಕೆ ಕೈಗೆ ಬಂದ ದಿನ ತರಗತಿಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: “ನಿಂಗೆಷ್ಟು ಬಂತು?” ಎಲ್ಲಿ ಅಂಕ ಹೋಯಿತು, ಯಾಕೆ ಹೋಯಿತು ಎಂದು ಕೇಳುವವರು ಕಡಿಮೆ. ಒಟ್ಟು ಅಂಕ ನೋಡಿ, ಕೂಡಿದ್ದು ಸರಿಯಿದೆಯೇ ಎಂದು ಲೆಕ್ಕ ಹಾಕಿ ಪತ್ರಿಕೆ ವಾಪಸ್ ಕೊಡುತ್ತೇವೆ. ಉಪನ್ಯಾಸಕರು ಒಳಗಿನ ಪುಟಗಳಲ್ಲಿ ಕೆಂಪು ಶಾಯಿಯಲ್ಲಿ ಬರೆದ “ಚಿತ್ರ ಎಲ್ಲಿ?”, “ಕಾರಣ ಕೊಟ್ಟಿಲ್ಲ” ಎಂಬ ಮಾತುಗಳು ಓದದೇ ಉಳಿಯುತ್ತವೆ.

ಇದೇ ಉತ್ತರ ಪತ್ರಿಕೆಗೆ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಬೆಲೆ ಬರುತ್ತದೆ. ದ್ವಿತೀಯ ಪಿಯುಸಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ 2025ರಲ್ಲಿ ಒಂದು ವಿಷಯಕ್ಕೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670 ರೂಪಾಯಿ ಶುಲ್ಕವಿತ್ತು. ಕೂಲಿಯಿಂದ ನಡೆಯುವ ಮನೆಗೆ ಇದು ಸಣ್ಣ ಮೊತ್ತವಲ್ಲ. ತಿದ್ದಿದ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ವಿದ್ಯಾರ್ಥಿ ನೋಡಬಹುದೆಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ಹಕ್ಕು ನಮಗೆ ಬೇಕು. ಆದರೆ ಆಗ ನಾವು ಹುಡುಕುವುದು ಮೌಲ್ಯಮಾಪಕರ ತಪ್ಪನ್ನು, ನಮ್ಮ ತಪ್ಪನ್ನಲ್ಲ. ಕಾಲೇಜಿನ ಪರೀಕ್ಷೆಗಳ ಪತ್ರಿಕೆಯಾದರೆ ಹಣವಿಲ್ಲದೆ ಕೈಗೆ ಬರುತ್ತದೆ, ಅದೂ ತಿದ್ದಿಕೊಳ್ಳಲು ಸಮಯವಿರುವಾಗ.

ನಮ್ಮ ಜಿಲ್ಲೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿರುವಾಗಲೇ ಒಂದಿಷ್ಟು ತಣ್ಣೀರಿಗೆ ಹಾಕಿ ಪಾಕ ನೋಡುತ್ತಾರೆ. ಅಚ್ಚಿಗೆ ಹುಯ್ದ ಮೇಲೆ ನೋಡಿ ಪ್ರಯೋಜನವಿಲ್ಲ. ಕಿರು ಪರೀಕ್ಷೆ ಇರುವುದು ಪಾಕ ನೋಡುವುದಕ್ಕೆ. 2024ರಲ್ಲಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ಪದ್ಧತಿ ಬಂದ ಮೇಲೆ “ಇನ್ನೊಂದು ಸಲ ಬರೆದರಾಯಿತು” ಎಂಬ ಧೈರ್ಯ ಬಂದಿದೆ. ಎಲ್ಲಿ ತಪ್ಪಿದೆವೆಂದು ತಿಳಿಯದೆ ಎಷ್ಟು ಸಲ ಬರೆದರೂ ಅದೇ ಉತ್ತರವನ್ನು ಬರೆಯುತ್ತೇವೆ.

ತಿದ್ದಿಸಿಕೊಂಡು ಕಲಿಯುವುದು ನಮಗೆ ಹೊಸದಲ್ಲ. ಮದರಸಾದಲ್ಲಿ ಸಬಕ್ ಒಪ್ಪಿಸುವಾಗ ಒಂದು ಅಕ್ಷರದ ಉಚ್ಚಾರ ತಪ್ಪಿದರೂ ಹಜರತ್ ಅಲ್ಲೇ ನಿಲ್ಲಿಸುತ್ತಾರೆ. ಸರಿಯಾಗಿ ಹೇಳಿದ ಮೇಲೆಯೇ ಮುಂದಿನ ಆಯತ್. ಕಾಲೇಜಿನಲ್ಲಿ ತಪ್ಪು ತೋರಿಸುವುದು ಮಾತ್ರ ಉಳಿದು, ಸರಿಯಾಗಿ ಮತ್ತೊಮ್ಮೆ ಹೇಳುವ ಹೆಜ್ಜೆ ಬಿಟ್ಟುಹೋಗಿದೆ.

ನಮ್ಮಲ್ಲಿ ಅನೇಕರು ತಮ್ಮ ಮನೆಯಿಂದ ಪಿಯುಸಿಗೆ ಬಂದ ಮೊದಲಿಗರು. ಅಮ್ಮಿ, ಅಬ್ಬಾ “ಚೆನ್ನಾಗಿ ಓದು” ಎನ್ನಬಲ್ಲರು. ಉತ್ತರ ಓದಿ “ಇಲ್ಲಿ ತಪ್ಪಿದೆ” ಎನ್ನಲಾರರು. ಹತ್ತನೇ ತರಗತಿಯವರೆಗೆ ಉರ್ದುವಿನಲ್ಲಿ ಓದಿ ಬಂದವರಿಗೆ ವಿಷಯ ಗೊತ್ತಿದ್ದರೂ ಬರವಣಿಗೆ ಕೈಗೆ ಹತ್ತುವುದಿಲ್ಲ. ಇವರ ಉತ್ತರವನ್ನು ಓದಿ ತಿದ್ದುವವರು ಉಪನ್ಯಾಸಕರೊಬ್ಬರೇ. ಕಾಲೇಜು ಬಿಟ್ಟ ಮೇಲೆ ನಿಂತು ಕೇಳೋಣವೆಂದರೆ ಮದ್ದೂರು, ಮಳವಳ್ಳಿ ಕಡೆಯವರಿಗೆ ಬಸ್ಸು ತಪ್ಪುತ್ತದೆ.

ಆದ್ದರಿಂದ ಉಪನ್ಯಾಸಕರಲ್ಲಿ ಒಂದು ವಿನಂತಿ. ಉತ್ತರ ಪತ್ರಿಕೆ ಕೊಡುವ ದಿನ ಪೂರ್ತಿ ಪೀರಿಯಡನ್ನು ಅದಕ್ಕೇ ಬಿಡಿ. ಹೆಚ್ಚು ಅಂಕ ಹೋದ ಒಂದೇ ಒಂದು ಉತ್ತರವನ್ನು ಪ್ರತಿಯೊಬ್ಬರೂ ಅಲ್ಲೇ ಮತ್ತೆ ಬರೆಯಲಿ. ಪಾಠ ಮುಗಿಸಬೇಕು, ಸಮಯವಿಲ್ಲ ಎಂಬ ಮಾತು ಸುಳ್ಳಲ್ಲ. ಆದರೆ ರಾತ್ರಿ ಕೂತು ಅಷ್ಟೊಂದು ಪತ್ರಿಕೆ ತಿದ್ದಿದ ಶ್ರಮ ಯಾರೂ ಓದದೆ ವ್ಯರ್ಥವಾಗುವುದಕ್ಕಿಂತ ಒಂದು ಪೀರಿಯಡ್ ಹೋಗುವುದು ಮೇಲಲ್ಲವೇ?

ನಮ್ಮ ಪಾಲಿನ ಕೆಲಸವೂ ಇದೆ. ಹೋದ ಪ್ರತಿ ಅಂಕದ ಮುಂದೆ ಕಾರಣ ಬರೆದುಕೊಳ್ಳೋಣ: ಗೊತ್ತಿರಲಿಲ್ಲವೇ, ಗೊತ್ತಿದ್ದೂ ಬರೆಯಲಾಗಲಿಲ್ಲವೇ, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲವೇ? ಮೊದಲನೆಯದಕ್ಕೆ ಪಠ್ಯಪುಸ್ತಕ, ಎರಡನೆಯದಕ್ಕೆ ಬರೆಯುವ ಅಭ್ಯಾಸ, ಮೂರನೆಯದಕ್ಕೆ ಎರಡು ನಿಮಿಷದ ತಾಳ್ಮೆ. ಮೂರಕ್ಕೂ “ಇನ್ನೂ ಹೆಚ್ಚು ಓದಬೇಕು” ಎಂಬ ಒಂದೇ ಮದ್ದು ಸಾಲದು. ಕೆಂಪು ಶಾಯಿಯ ಮಾತು ಅರ್ಥವಾಗದಿದ್ದರೆ “ಸರ್, ಇಲ್ಲಿ ಏನು ಬರೆಯಬೇಕಿತ್ತು?” ಎಂದು ಕೇಳೋಣ. ಅಂಕಕ್ಕಾಗಿ ಜಗಳ ಕಾಯುವ ಪ್ರಶ್ನೆ ಇದಲ್ಲ, ಯಾವ ಉಪನ್ಯಾಸಕರೂ ಬೇಸರಪಡುವುದಿಲ್ಲ.

ಮುಂದಿನ ಕಿರು ಪರೀಕ್ಷೆಯ ಪತ್ರಿಕೆ ಬಂದಾಗ ಪಕ್ಕದವರನ್ನು “ನಿಂಗೆಲ್ಲಿ ಹೋಯ್ತು?” ಎಂದೂ ಕೇಳಿ ನೋಡಿ.